ಕೋಳಿಗೂಡಿಗೆ ಗಾಳಿ ಆಡಬೇಕು, ಮುಂಗುಸಿ ಮಾತ್ರ ನುಗ್ಗಬಾರದು. ಕಿಂಡಿ ಹೇಗೆ ಬಿಡಬೇಕು?

ಮುಂಗುಸಿಗೆ ಹೆದರಿ ಗೂಡನ್ನು ಪೂರ್ತಿ ಮುಚ್ಚಬೇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಅದು ತುಂಬಾ ಅಪಾಯ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಎದ್ದು ಕೋಳಿಗಳ ಕಣ್ಣು, ಉಸಿರು ಎರಡೂ ಕೆಡುತ್ತವೆ. ಬೆಳಿಗ್ಗೆ ಬಾಗಿಲು ತೆಗೆದಾಗ ಘಾಟು ಮೂಗಿಗೆ ಬಡಿದರೆ ಗಾಳಿ ಸಾಲದು ಎಂದೇ ಅರ್ಥ.

ಬಿಸಿ ಗಾಳಿ ಮೇಲೇರುತ್ತದೆ ಅಲ್ವಾ? ಹಾಗಾಗಿ ಮುಖ್ಯ ಕಿಂಡಿಗಳು ಸೂರಿನ ಕೆಳಗೆ, ಎದುರುಬದುರು ಗೋಡೆಗಳಲ್ಲಿ, ಕೋಳಿ ಕೂರುವ ಕೋಲಿಗಿಂತ ಮೇಲೆ ಇರಲಿ. ಇರಚಲು ಹೊಡೆಯದಂತೆ ಸೂರನ್ನು ಚೆನ್ನಾಗಿ ಹೊರಗೆ ಚಾಚಿ.

ಇನ್ನು ಜಾಲರಿ. ಜಾಸ್ತಿ ಜನ ಎಡವುವುದು ಇಲ್ಲೇ. ಆರು ಮೂಲೆ ಕಣ್ಣಿನ ತೆಳು ಕೋಳಿ ಮೆಶ್ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ. ನಾಯಿ ಅದನ್ನು ಹರಿದುಹಾಕಬಲ್ಲದು, ಹಾವು ತೂರಬಲ್ಲದು. ಅರ್ಧ ಇಂಚು ಕಣ್ಣಿನ, ಜಿ.ಐ. (ಸತು ಲೇಪಿಸಿದ ಕಬ್ಬಿಣದ) ವೆಲ್ಡ್ ಮೆಶ್ ತನ್ನಿ. ಮರಿಗಳಿದ್ದರೆ ಕಾಲು ಇಂಚಿನದೇ ಒಳ್ಳೆಯದು. ಸುಮ್ನೆ ಮೊಳೆ ಬಗ್ಗಿಸಿ ಹೊಡೆದರೆ ನಿಲ್ಲುವುದಿಲ್ಲ. ಅಂಚಿನ ಮೇಲೆ ಮರದ ಪಟ್ಟಿ ಇಟ್ಟು ಸ್ಕ್ರೂ, ವಾಷರ್ ಹಾಕಿ ಬಿಗಿ ಮಾಡಿ. ಚಾವಣಿಗೆ ಶೀಟು ಹಾಕಿದ್ದರೆ ಅದರ ಅಲೆಗಳ ಕೆಳಗಿನ ಸಂದುಗಳನ್ನು ಮರೆಯಬೇಡಿ, ಅಲ್ಲಿಗೂ ಇದೇ ಮೆಶ್ ಬೇಕು. ಪುನುಗು ಬೆಕ್ಕು ಮರ, ಗೋಡೆ ಎಲ್ಲ ಹತ್ತುತ್ತದೆ. ಎತ್ತರದ ಕಿಂಡಿ ಅದಕ್ಕೆ ಕಷ್ಟವೇ ಅಲ್ಲ.

ಮುಂಗುಸಿ, ಹೆಗ್ಗಣ ನೆಲ ತೋಡುತ್ತವೆ. ಗೂಡಿನ ನೆಲ ಮಣ್ಣಿನದಾದರೆ ಹೊರಗೆ ಸುತ್ತಲೂ ಒಂದಡಿ ಅಗಲ ಮೆಶ್ ಹಾಸಿ, ಗೋಡೆಗೆ ಸೇರಿಸಿ ಬಿಗಿದು, ಮೇಲೆ ಕಲ್ಲು ಹೇರಿ. ಬೇಸಿಗೆಗೆಂದು ಕೆಳಗೂ ಕಿಂಡಿ ಬಿಟ್ಟರೆ ಮೆಶ್ ಜೊತೆಗೆ ಚಿಲಕವಿರುವ ಹಲಗೆಯನ್ನೂ ಕೂರಿಸಿ. ಮಳೆ ಗಾಳಿ ಜೋರಾದಾಗ ಅದೊಂದನ್ನೇ ಮುಚ್ಚಿ, ಮೇಲಿನ ಕಿಂಡಿ ವರ್ಷವಿಡೀ ತೆರೆದೇ ಇರಲಿ.