ಕಣ್ಣೂರಿನಿಂದ ದುಬೈಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಗೋಣಿಕೊಪ್ಪದಲ್ಲಿರುವ ತಾಯಿಯನ್ನು ಮೊದಲ ಬಾರಿ ದುಬೈಗೆ ಕಳುಹಿಸುತ್ತಿದ್ದೀರಿ. ಟಿಕೆಟ್ಟಿನಲ್ಲಿ ಹೊರಡುವ ಮತ್ತು ತಲುಪುವ ವೇಳೆಗಳ ನಡುವೆ ಎರಡೂವರೆ ಗಂಟೆಯಷ್ಟೇ ಇದೆ, ಇದು ನಿಜವೇ ಎಂದು ಕೇಳಿದ್ದೀರಿ. ವಿರಾಜಪೇಟೆಯಲ್ಲಿ ಟಿಕೆಟ್ ಮಾಡಿಸಿಕೊಡುವುದೇ ನನ್ನ ಕಸುಬು. ಈ ಪ್ರಶ್ನೆ ಇಲ್ಲದೆ ನನಗೆ ವಾರ ಕಳೆಯುವುದಿಲ್ಲ.

ಟಿಕೆಟ್ಟಿನಲ್ಲಿ ಆಯಾ ಊರಿನ ಗಡಿಯಾರದ ವೇಳೆಯನ್ನೇ ಬರೆಯುತ್ತಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹಾಗಾಗಿ ತಾಯಿ ವಿಮಾನದಲ್ಲಿ ಕೂರುವುದು ಹತ್ತಿರ ಹತ್ತಿರ ನಾಲ್ಕು ಗಂಟೆ. ವಾಪಸು ಬರುವಾಗ ಇದೇ ಲೆಕ್ಕ ತಿರುಗಿ, ಐದು ಗಂಟೆಯ ಪ್ರಯಾಣದಂತೆ ಕಾಣುತ್ತದೆ. ಗಾಬರಿ ಬೇಡ, ಹಾರಾಟ ಮೂರೂವರೆ ಗಂಟೆ ಇರುತ್ತದೆ, ಅಷ್ಟೆ.

ನೇರ ದೂರ ಸುಮಾರು 2,590 ಕಿ.ಮೀ. ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ ಮೂರು ಗಂಟೆಯೂ ಆಗುವುದಿಲ್ಲವಲ್ಲ ಎನ್ನಬಹುದು. ಆದರೆ ಟಿಕೆಟ್ಟಿನ ಲೆಕ್ಕ ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ ಅಲ್ಲಿ ಹೋಗಿ ನಿಲ್ಲುವವರೆಗೆ. ರನ್‌ವೇಗೆ ಸಾಗುವುದು, ಮೇಲೇರುವುದು, ದುಬೈಯಂಥ ದಟ್ಟಣೆಯ ನಿಲ್ದಾಣದಲ್ಲಿ ಇಳಿಯಲು ಸರದಿ ಕಾಯುವುದು, ಎಲ್ಲವೂ ಅದರೊಳಗೇ. ಹಾರುವ ದಾರಿಯೂ ಗೆರೆ ಎಳೆದಷ್ಟು ನೇರವಲ್ಲ. ಚಳಿಗಾಲದಲ್ಲಂತೂ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ.

ಮಂಗಳೂರಿನಿಂದ ದುಬೈ ಇನ್ನೂ ಹತ್ತಿರ, ಸುಮಾರು 2,460 ಕಿ.ಮೀ. ಬೆಂಗಳೂರಿನಿಂದ 2,700. ಆಕಾಶದಲ್ಲಿ ಈ ವ್ಯತ್ಯಾಸ ಹತ್ತಿಪ್ಪತ್ತು ನಿಮಿಷದ ಮಾತು. ನೆಲದ ಮೇಲಿನ ಕಥೆಯೇ ಬೇರೆ. ಮಂಗಳೂರಿಗಾದರೆ ಮಡಿಕೇರಿ ಹತ್ತಿ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟಿನಲ್ಲಿ ಆ ರಸ್ತೆ ಹೇಗೆ ಕುಸಿದಿತ್ತೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿಗಾದರೆ ಹುಣಸೂರು, ಮೈಸೂರು ದಾಟಿ, ಇಡೀ ನಗರವನ್ನು ಹಾದು ದೇವನಹಳ್ಳಿ ಸೇರಬೇಕು. ವಯಸ್ಸಾದವರಿಗೆ ಅಲ್ಲಿಗೇ ಅರ್ಧ ಜೀವ ಹೋಗಿರುತ್ತದೆ. 2018ರ ಡಿಸೆಂಬರಿನಲ್ಲಿ ಕಣ್ಣೂರು ನಿಲ್ದಾಣ ತೆರೆದ ಮೇಲೆ ದಕ್ಷಿಣ ಕೊಡಗಿನವರಿಗೆ ನಾನು ಬೇರೆ ಊರು ಹೇಳುವುದು ಕಡಿಮೆ. ದಿನಕ್ಕೆ ಹೊಂದುವ ವಿಮಾನ ಸಿಗದಿದ್ದರೆ ಮಾತ್ರ ಉಳಿದವು.

ನಿಲ್ದಾಣ ಇರುವುದು ಕಣ್ಣೂರು ಪೇಟೆಯಲ್ಲಲ್ಲ, ಮಟ್ಟನ್ನೂರಿನ ಬಳಿ. ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ಮಾರ್ಗವಾಗಿ ಗೋಣಿಕೊಪ್ಪದಿಂದ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮಾಕುಟ್ಟದ ಕಾಡಿನಲ್ಲಿ ಒಂದು ಮರ ಅಡ್ಡ ಬಿದ್ದರೆ ಅದನ್ನು ಕತ್ತರಿಸಿ ಸರಿಸುವವರೆಗೆ ವಾಹನಗಳ ಸಾಲು ಮುಂದೆ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಒಂದೂವರೆ ಗಂಟೆ ಸೇರಿಸಿ, ಸಾಧ್ಯವಾದರೆ ಬೆಳಕಿರುವಾಗಲೇ ಘಾಟಿ ಇಳಿದುಬಿಡಿ. ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು ಎಂಬುದನ್ನು ಇದರ ಮೇಲೆ ಲೆಕ್ಕ ಹಾಕಿ.

ತಾರೀಖನ್ನು ಎರಡು ಸಲ ನೋಡಿ. 14ರ 00:40 ಎಂದಿದ್ದರೆ ಮನೆಯಿಂದ ಹೊರಡಬೇಕಾದದ್ದು 13ರ ಸಂಜೆ. ಮತ್ತೆ, ಮಗನಿಗೆಂದು ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿರಸ) ಬಾಟಲಿ ಇಟ್ಟುಕೊಳ್ಳುವ ತಾಯಂದಿರೇ ಹೆಚ್ಚು: ಅದು ಕೈಚೀಲದಲ್ಲಿ ಬೇಡ, 100 ಮಿ.ಲೀ.ಗಿಂತ ದೊಡ್ಡ ಬಾಟಲಿಯನ್ನು ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ ದೊಡ್ಡ ಪೆಟ್ಟಿಗೆಗೆ ಹಾಕಿ.