ಡಾರ್ಫರ್ ಜಗಳಕ್ಕೆ ಬರ ಒಂದೇ ಕಾರಣನಾ?

ಸುಡಾನಿನ ಡಾರ್ಫರ್‌ನಲ್ಲಿ ರೈತರು, ದನಗಾಹಿಗಳು ಹೊಡೆದಾಡೋಕೆ ಬರ ಒಂದೇ ಕಾರಣನಾ ಅಂತ ಕೇಳಿದ್ದೀರಲ್ಲ, ಅಲ್ಲ ಸರ್. ಮೊದ್ಲು ಕೊಯ್ಲಾದ ಮೇಲೆ ದನ, ಒಂಟೆ ಹೊಲಕ್ಕಿಳಿದು ಕೂಳೆ ಮೇದು ಗೊಬ್ಬರ ಬಿಟ್ಟು ಹೋಗ್ತಿದ್ವು, ಅವು ಓಡಾಡೋಕೆ ಗೊತ್ತಾದ ದಾರಿ ಇತ್ತು, ತಕರಾರು ಬಂದ್ರೆ ಹಿರಿಯರು ಕೂತು ಬಗೆಹರಿಸ್ತಿದ್ರು. 1984ರ ಬರಕ್ಕೆ ಡಾರ್ಫರ್‌ನ ಉತ್ತರದವರು ದಕ್ಷಿಣಕ್ಕೆ ಇಳಿದ್ರು, ಆಮೇಲೆ ಬಂದೂಕು ಬಂತು, 2003ರಲ್ಲಂತೂ ಸರ್ಕಾರನೇ ಒಂದು ಕಡೆಯವರಿಗೆ ಆಯುಧ ಕೊಡ್ತು.

ನಮ್ಮ ಸೋಮವಾರಪೇಟೆ ಕಡೆನೂ ಗದ್ದೆ ಕೊಯ್ದ ಮೇಲೆ ದನ ಬಿಡ್ತಿದ್ವಿ, ಬಾಣೆಗೆ, ಅಂದ್ರೆ ಗದ್ದೆ ಪಕ್ಕದ ಮೇವಿನ ಗುಡ್ಡಕ್ಕೆ, ಬೇಲಿ ಬಿದ್ದು ಕಾಫಿ ಬಂದ್ಮೇಲೆ ನಮ್ಮನೆ ಎರಡು ಹಸು ದಿನವಿಡೀ ಹಗ್ಗದಲ್ಲೇ ನಿಂತಿರ್ತವೆ, ನೋಡೋಕೇ ಸಂಕಟ, ಇನ್ನು ಮಂದೆನೇ ನಂಬಿದವ್ರಿಗೆ ಹೇಗಾಗ್ಬೇಡ.

ನೆರವು ಅಂದ್ರೆ ಬರೀ ಜೋಳದ ಮೂಟೆ ಸಾಲಲ್ಲ, ಬೀಜ ಬೇಕು, ದನಕ್ಕೆ ಲಸಿಕೆ, ನೀರಿನ ಹೊಂಡ ಬೇಕು, ಎಲ್ಲಕ್ಕಿಂತ ಮೊದ್ಲು ಆ ದನದ ದಾರಿನ ಎರಡೂ ಕಡೆಯವರು ಒಟ್ಟಿಗೆ ನಡೆದು ಗುರುತು ಮಾಡ್ಬೇಕು.