ಮಗನ ವೀಸಾಗೆ ಮಗನ ಹೆಸರೇ ಅಡ್ಡ

ಪ್ರಶ್ನೆ: ನಮ್ಮ ಮನೆಯವರು ಒಂದೂವರೆ ವರ್ಷದಿಂದ ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದಾರೆ. ಮಗನಿಗೆ ಏಳು ವರ್ಷ. ಅವನ ಶಾಲೆ ಮುಗಿದ ಮೇಲೆ ನಾವಿಬ್ಬರೂ ಅಲ್ಲಿಗೆ ಹೋಗಬೇಕು ಅಂತಿದ್ದೇವೆ. ತೊಂದರೆ ಏನಂದ್ರೆ, ಅವನ ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲ, ಗಂಡು ಮಗು ಅಂತ ಮಾತ್ರ ಇದೆ. ಪಾಸ್‌ಪೋರ್ಟ್ ಮೂರು ವರ್ಷದವನಿದ್ದಾಗ ಮಾಡಿಸಿದ್ದು, ಅದರಲ್ಲಿ ಸರ್‌ನೇಮ್ ಜಾಗ ಖಾಲಿ. ಏಜೆಂಟರೊಬ್ಬರು ಇದೆಲ್ಲ ನಡೆಯುತ್ತೆ ಬಿಡಿ, ಸಂದರ್ಶನಕ್ಕೆ ಮಗುವನ್ನು ತಯಾರು ಮಾಡಿ ಅಂದರು. ದಿನಾ ಸಂಜೆ ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳಿ ಉತ್ತರ ಬಾಯಿಪಾಠ ಮಾಡಿಸುತ್ತಿದ್ದೇನೆ, ಅವನು ಅಳುತ್ತಾನೆ. ಇನ್ನೇನು ಮಾಡಬೇಕು? ಬೆಂಗಳೂರಿನಲ್ಲೇ ವೀಸಾ ಆಗುತ್ತಾ?
— ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಬಾಯಿಪಾಠ ನಿಲ್ಲಿಸಿ. ಏಳು ವರ್ಷದ ಮಗುವನ್ನು ಅಧಿಕಾರಿ ಮಾತಾಡಿಸಿದರೂ ಅಪ್ಪ ಎಲ್ಲಿದ್ದಾರೆ, ಯಾವ ಕ್ಲಾಸು ಅಂತ ಕೇಳಬಹುದು, ಅಷ್ಟೇ. ಪ್ರಶ್ನೆಗಳೆಲ್ಲ ನಿಮಗೆ, ಅದೂ ನಿಮ್ಮ ಯಜಮಾನರ ಕೆಲಸದ ಬಗ್ಗೆ: ಯಾವ ಕಂಪನಿ, ಏನು ಕೆಲಸ, ಸಂಬಳ ಎಷ್ಟು, ಮದುವೆ ಯಾವಾಗ ಆಯಿತು. ನಿಮ್ಮ ಇಡೀ ಪತ್ರದಲ್ಲಿ ನನಗೆ ಚಿಂತೆ ತಂದದ್ದು ಆ ಏಜೆಂಟರು ನಡೆಯುತ್ತೆ ಬಿಡಿ ಅಂದ ಎರಡು ಸಂಗತಿಗಳೇ.

ನಿಮ್ಮಿಬ್ಬರಿಗೂ ಬೇಕಾಗಿರುವುದು ಎಚ್-4 ವೀಸಾ. ಎಚ್-1ಬಿ ಇರುವವರ ಗಂಡ ಅಥವಾ ಹೆಂಡತಿಗೆ, ಮತ್ತೆ ಮದುವೆಯಾಗದ, 21 ತುಂಬದ ಮಕ್ಕಳಿಗೆ ಕೊಡುವಂಥದ್ದು. ಇಲ್ಲಿ ಮಗು ಸಾಬೀತು ಮಾಡಬೇಕಾದ್ದು ಒಂದೇ: ಇವರು ನಮ್ಮಪ್ಪ ಅಂತ. ಅದಕ್ಕಿರುವ ಕಾಗದವೇ ಜನನ ಪ್ರಮಾಣಪತ್ರ. ಅದರಲ್ಲೇ ಮಗುವಿನ ಹೆಸರಿಲ್ಲ ಅಂದರೆ ಆ ಗಂಡು ಮಗು ಇವನೇ ಅಂತ ಅವರು ಹೇಗೆ ನಂಬಬೇಕು ಹೇಳಿ? ಸದ್ಯ, ಇದು ಸರಿಹೋಗದ ವಿಷಯವಲ್ಲ. ಜನನ ನೋಂದಣಿ ಆದ ದಿನದಿಂದ 15 ವರ್ಷದವರೆಗೂ ಮಗುವಿನ ಹೆಸರು ಸೇರಿಸಲು ಅವಕಾಶ ಇದೆ. ಮೊದಲ ವರ್ಷ ಪುಕ್ಕಟೆ, ಆಮೇಲೆ ಸಣ್ಣ ಶುಲ್ಕ. ಜನನ ನೋಂದಣಿ ಆದ ಕಚೇರಿಯಲ್ಲೇ ಅರ್ಜಿ ಕೊಡಬೇಕು. ಅಂದ್ರೆ ಮಗು ಹುಟ್ಟಿದ ಊರಿನದು, ನೀವು ಈಗಿರುವ ಊರಿನದಲ್ಲ. ಹೆರಿಗೆ ತವರಿನಲ್ಲಿ ಆಗಿದ್ದರೆ ಅಲ್ಲಿಗೇ ಹೋಗಬೇಕಾಗುತ್ತದೆ. ಹೋದಾಗ ನಿಮ್ಮ ಮತ್ತು ಯಜಮಾನರ ಹೆಸರಿನ ಅಕ್ಷರಗಳನ್ನೂ ಪಾಸ್‌ಪೋರ್ಟ್ ಪಕ್ಕ ಇಟ್ಟು ಹೋಲಿಸಿ ನೋಡಿ. ಒಂದರಲ್ಲಿ 'ವಿ' ಇನ್ನೊಂದರಲ್ಲಿ 'ಡಬ್ಲ್ಯೂ' ಇರುವುದು ನಮ್ಮಲ್ಲಿ ಎಷ್ಟು ಸಾಮಾನ್ಯ ಅಲ್ವಾ.

ಇನ್ನು ಸರ್‌ನೇಮ್. ನಮ್ಮ ಕಡೆ ಹೆಸರಿನ ಹಿಂದೆ ಎರಡು ಇನಿಶಿಯಲ್ ಇದ್ದರೆ ಮುಗಿಯಿತು, ಮನೆತನದ ಹೆಸರು ಅಂತ ಎಷ್ಟೋ ಮನೆಯಲ್ಲಿ ಇಲ್ಲವೇ ಇಲ್ಲ. ಅಮೆರಿಕದ ಫಾರಂಗೆ ಇದು ಅರ್ಥವಾಗುವುದಿಲ್ಲ. ಡಿಎಸ್-160 ಅನ್ನುವ ವೀಸಾ ಅರ್ಜಿಯಲ್ಲಿ ಸರ್‌ನೇಮ್ ಖಾಲಿ ಬಿಡುವಂತಿಲ್ಲ. ಹಾಗಾಗಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರೆಯಬೇಕಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ವೀಸಾ ಮೇಲೂ ಅದೇ ಅಚ್ಚಾಗುತ್ತದೆ. ಅಲ್ಲಿಂದ ಶಾಲೆಗೆ, ಆಸ್ಪತ್ರೆಗೆ, ಎಲ್ಲ ಕಡೆಗೂ ಅದೇ ಹೋಗುತ್ತದೆ. ನನ್ನ ಪರಿಚಯದವರ ಹುಡುಗಿಗೆ ಶಾಲೆಯ ಮೊದಲ ದಿನ ಹಾಜರಿ ಕೂಗುವಾಗ ಟೀಚರ್ 'ಫ್ನೂ' ಅಂತ ಕರೆದರಂತೆ. ಯಾರಪ್ಪಾ ಅದು ಅಂತ ಇವಳೂ ಎಲ್ಲರ ಜೊತೆ ತಿರುಗಿ ನೋಡಿದಳಂತೆ. ಈಗ ಹೇಳಿ ನಗುತ್ತಾರೆ, ಆಗ ಅಮ್ಮ ಅತ್ತಿದ್ದರು.

ಹಾಗಂತ ಸರ್‌ನೇಮ್ ಇಲ್ಲದಿದ್ದರೆ ವೀಸಾ ಕೊಡಲ್ಲ ಅಂತಲ್ಲ, ಕೊಡುತ್ತಾರೆ. ಆದರೆ ನಿಮ್ಮ ಮಗನ ವಿಷಯದಲ್ಲಿ ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಲು ಇನ್ನೂ ದೊಡ್ಡ ಕಾರಣ ಇದೆ. ಚಿಕ್ಕ ಮಕ್ಕಳ ಪಾಸ್‌ಪೋರ್ಟ್‌ಗೆ ಐದೇ ವರ್ಷ ಆಯಸ್ಸು. ಮೂರನೇ ವಯಸ್ಸಿನಲ್ಲಿ ಮಾಡಿಸಿದ್ದು ಎಂಟಕ್ಕೆ ಮುಗಿಯುತ್ತದೆ, ಅಂದರೆ ಇನ್ನೊಂದು ವರ್ಷದೊಳಗೆ. ವೀಸಾ ಮೂರು ವರ್ಷಕ್ಕೆ ಸಿಕ್ಕಿದರೂ ಅಲ್ಲಿ ಇರಬಹುದಾದ ದಿನವನ್ನು ಹೇಳುವುದು ವೀಸಾ ಅಲ್ಲ, ಐ-94 ಅನ್ನುವ ದಾಖಲೆ. ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಧಿಕಾರಿ ಅದರಲ್ಲಿ ದಿನಾಂಕ ಹಾಕುತ್ತಾರೆ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಎಷ್ಟೋ ಸಲ ಆ ದಿನಕ್ಕೇ ಕತ್ತರಿಸಿಬಿಡುತ್ತಾರೆ. ಬಾಯಲ್ಲಿ ಹೇಳುವುದೂ ಇಲ್ಲ.

ನಮ್ಮನೆಯಲ್ಲಿ ಇದು ಆಗಿದೆ. ನನಗೂ ನಮ್ಮವರಿಗೂ ಒಂದು ದಿನಾಂಕ, ಮಗಳಿಗೆ ಅದಕ್ಕಿಂತ ಹದಿನಾಲ್ಕು ತಿಂಗಳು ಮುಂಚಿನದು. ನಾವು ಮೂವರೂ ಒಂದೇ ಕೌಂಟರ್‌ನಲ್ಲಿ ಒಟ್ಟಿಗೆ ನಿಂತಿದ್ದೆವು, ಹಾಗಾಗಿ ಒಂದೇ ಇರುತ್ತೆ ಅಂದುಕೊಂಡು ಸುಮ್ನಿದ್ದೆವು. ಒಂದು ರಾತ್ರಿ ಬೇರೇನೋ ಹುಡುಕುತ್ತಾ ಅವಳ ಐ-94 ತೆಗೆದರೆ ಹನ್ನೊಂದೇ ದಿನ ಬಾಕಿ! ಪಾಸ್‌ಪೋರ್ಟ್ ನವೀಕರಣಕ್ಕೆ ಓಡಿ, ಅವಧಿ ವಿಸ್ತರಣೆಗೆ ಐ-539 ಅರ್ಜಿ ಹಾಕಿದೆವು. ಆಮೇಲಿನ ತಿಂಗಳುಗಳಲ್ಲಿ ಊರಿನ ಮದುವೆಗೂ ಹೋಗಲಾಗದೆ ಕಾದು ಕೂತಿದ್ದೆವು. ಹಾಗಾಗಿ ಅಲ್ಲಿ ಇಳಿದ ವಾರದಲ್ಲೇ ಅಮೆರಿಕದ ಗಡಿ ತಪಾಸಣೆ ಇಲಾಖೆಯಾದ ಸಿಬಿಪಿಯ ವೆಬ್‌ಸೈಟ್‌ನಲ್ಲಿ ಒಬ್ಬೊಬ್ಬರ ಐ-94 ಬೇರೆ ಬೇರೆಯಾಗಿ ತೆಗೆದು ನೋಡಿ.

ಈಗ ನಿಮ್ಮ ಕೆಲಸದ ಕ್ರಮ ಹೀಗಿರಲಿ. ಮೊದಲು ಜನನ ಪ್ರಮಾಣಪತ್ರಕ್ಕೆ ಹೆಸರು. ಅದು ಕೈಗೆ ಬಂದ ಮೇಲೆ ಸರ್‌ನೇಮ್ ಸಮೇತ ಪಾಸ್‌ಪೋರ್ಟ್ ಮರುವಿತರಣೆ. ಅಪ್ಪನ ಹೆಸರನ್ನೋ ಊರ ಹೆಸರನ್ನೋ ಸರ್‌ನೇಮ್ ಮಾಡಿ, ಇನಿಶಿಯಲ್ ಬೇಡ, ಪೂರ್ತಿ ಬಿಡಿಸಿ ಬರೆಯಬೇಕು. ಅದೇ ಹೆಸರು ಪ್ರಮಾಣಪತ್ರಕ್ಕೂ ಹೋಗುವ ಹಾಗೆ ಈಗಲೇ ಮನೆಯಲ್ಲಿ ಕೂತು ತೀರ್ಮಾನಿಸಿ, ಅಜ್ಜಿಯನ್ನೂ ಕೇಳಿ, ಆಮೇಲೆ ಜಗಳ ಬೇಡ. ಯಜಮಾನರು ಹೊರದೇಶದಲ್ಲಿರುವುದರಿಂದ ಅವರ ಒಪ್ಪಿಗೆ ಕಾಗದ ಹೇಗಿರಬೇಕು ಅಂತ ಪಾಸ್‌ಪೋರ್ಟ್ ಕೇಂದ್ರದಲ್ಲಿ ಮೊದಲೇ ವಿಚಾರಿಸಿಕೊಳ್ಳಿ, ಹೆಚ್ಚು ಸಮಯ ತಿನ್ನುವುದು ಅದೇ. ಹೊಸ ಪಾಸ್‌ಪೋರ್ಟ್ ಬಂದ ಮೇಲಷ್ಟೇ ಡಿಎಸ್-160 ತುಂಬಿ. ಹಳೇ ನಂಬರಿನಲ್ಲಿ ತುಂಬಿದರೆ ಮತ್ತೆ ಮೊದಲಿಂದ ಶುರು.

ಡಿಎಸ್-160 ಒಬ್ಬೊಬ್ಬರಿಗೂ ಬೇರೆ. ಶುಲ್ಕವೂ ತಲೆಗೆ 205 ಡಾಲರ್, ಮಗು ಅಂತ ರಿಯಾಯಿತಿ ಇಲ್ಲ. ಮಗನ ಅರ್ಜಿಯನ್ನು ನೀವೇ ತುಂಬಿ ಸಲ್ಲಿಸಬಹುದು, ಅವನಿಗೆ 16 ಆಗಿಲ್ಲವಲ್ಲ. ಫೋಟೊ ಎರಡು ಇಂಚು ಚೌಕ, ಬಿಳಿ ಹಿನ್ನೆಲೆ, ಕನ್ನಡಕ ಇಲ್ಲದೆ, ಆರು ತಿಂಗಳ ಒಳಗೆ ತೆಗೆದದ್ದು. ಶಾಲೆಯ ಐಡಿ ಕಾರ್ಡಿಗೆ ತೆಗೆಸಿದ್ದನ್ನೇ ಹಾಕಬೇಡಿ, ಮಕ್ಕಳ ಮುಖ ಎಷ್ಟು ಬೇಗ ಬದಲಾಗುತ್ತೆ ಗೊತ್ತಲ್ಲ. ಸಂದರ್ಶನಕ್ಕೆ ಯಜಮಾನರ ಐ-797 (ಎಚ್-1ಬಿ ಮಂಜೂರಾದ ಪತ್ರ) ಪ್ರತಿ, ಅವರ ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ, ಕಂಪನಿಯ ಪತ್ರ, ಇತ್ತೀಚಿನ ಪೇ ಸ್ಲಿಪ್‌ಗಳು, ನಿಮ್ಮ ಮದುವೆ ನೋಂದಣಿ ಪತ್ರ, ಮಗನ ಜನನ ಪ್ರಮಾಣಪತ್ರ ಒಂದು ಫೈಲಿನಲ್ಲಿರಲಿ.

ಮುಂಚೆ 14ರೊಳಗಿನ ಮಕ್ಕಳನ್ನು ಎಷ್ಟೋ ಸಲ ಸಂದರ್ಶನಕ್ಕೆ ಕರೆಯುತ್ತಿರಲಿಲ್ಲ. 2025ರ ಸೆಪ್ಟೆಂಬರ್ 2ರಿಂದ ಅವರೂ ಸಾಮಾನ್ಯವಾಗಿ ಬರಲೇಬೇಕು. ಬೆಂಗಳೂರಿನ ಅಮೆರಿಕ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು ನಿಜ, ಆದರೆ ವೀಸಾ ಕೆಲಸ ಇಲ್ಲದೆಯೇ ಶುರುವಾದದ್ದು. ನಮ್ಮವರು ಹೋಗುವುದು ಹೆಚ್ಚಾಗಿ ಚೆನ್ನೈ ಅಥವಾ ಹೈದರಾಬಾದಿಗೆ. ಮುಂಬೈ, ದೆಹಲಿ, ಕೋಲ್ಕತ್ತದಲ್ಲಿ ಬೇಗ ದಿನಾಂಕ ಸಿಕ್ಕರೆ ಅಲ್ಲೂ ಆಗುತ್ತದೆ. ಇಬ್ಬರಿಗೂ ಒಂದೇ ದಿನ ಬರುವಂತೆ ಒಟ್ಟಿಗೇ ಬುಕ್ ಮಾಡಿ.

ವಿಮಾನದ ಟಿಕೆಟ್ ಮಾತ್ರ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬರುವವರೆಗೂ ಬೇಡ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳನ್ನೂ ನೋಡುತ್ತೇವೆ, ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಿ ಅಂತ ಅಮೆರಿಕ ಸರ್ಕಾರ ಹೇಳಿತು. ಆಗ ಇಲ್ಲಿನ ಎಷ್ಟೋ ಅಪಾಯಿಂಟ್‌ಮೆಂಟ್‌ಗಳು ಏಕಾಏಕಿ ತಿಂಗಳುಗಟ್ಟಲೆ ಮುಂದೆ ಹೋದವು, ಟಿಕೆಟ್ ತೆಗೆದವರು ತಲೆ ಮೇಲೆ ಕೈ ಹೊತ್ತು ಕೂತರು. ನಿಮ್ಮ ಇನ್‌ಸ್ಟಾಗ್ರಾಂ ಇದ್ದರೆ ಅರ್ಜಿಯಲ್ಲಿ ಬರೆಯಿರಿ. ಮಗನಿಗೆ ಇಲ್ಲ ಅಂದುಕೊಂಡಿದ್ದೇನೆ!

ಪ್ರಶ್ನೆ: ನನ್ನ ಮೊಮ್ಮಗನಿಗೆ 19, ಎಂಜಿನಿಯರಿಂಗ್ ಎರಡನೇ ವರ್ಷ. ಅವನ ಅಪ್ಪ ಎಚ್-1ಬಿ ಮೇಲೆ ಅಮೆರಿಕದಲ್ಲಿದ್ದಾನೆ. ಇವನೂ ಹೋಗಿ ಓದುತ್ತಾ ಸಣ್ಣಪುಟ್ಟ ಕೆಲಸ ಮಾಡಬಹುದಾ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಓದಬಹುದು ಮೇಷ್ಟ್ರೇ, ಕೆಲಸ ಮಾಡುವಂತಿಲ್ಲ. ಎಚ್-4ನಲ್ಲಿ ಕೆಲಸದ ಅನುಮತಿ 2015ರಿಂದ ಸಿಗುತ್ತಿರುವುದು ಗಂಡ-ಹೆಂಡತಿಗೆ ಮಾತ್ರ, ಅದೂ ಗ್ರೀನ್ ಕಾರ್ಡ್ ದಾರಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗೆ. ಮಕ್ಕಳಿಗೆ ಇಲ್ಲ. ಇನ್ನೊಂದು ಮಾತು, 21 ತುಂಬಿದ ದಿನಕ್ಕೆ ಅವನ ಎಚ್-4 ಮುಗಿಯುತ್ತದೆ, ಪದವಿ ಮುಗಿದಿರಲಿ ಬಿಡಲಿ. ಅಷ್ಟರೊಳಗೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಎರಡು ವರ್ಷದ ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಹೋಗುವುದಕ್ಕಿಂತ ಇಲ್ಲೇ ಮುಗಿಸಿ, ಎಂಎಸ್‌ಗೆ ನೇರ ಎಫ್-1ನಲ್ಲಿ ಹೋಗುವುದು ವಾಸಿ ಅಂತ ನನಗೆ ಅನಿಸುತ್ತದೆ.

ಪ್ರಶ್ನೆ: ಜಾಸ್ತಿ ದುಡ್ಡು ಕೊಟ್ಟರೆ ಮುಂದಿನ ವಾರವೇ ವೀಸಾ ಸಂದರ್ಶನಕ್ಕೆ ಸ್ಲಾಟ್ ಕೊಡಿಸುತ್ತೇನೆ ಅಂತ ಏಜೆಂಟರು ಅಂತಾರೆ. ಕೊಡಬಹುದಾ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. 2025ರ ಮಾರ್ಚ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿ ಇಂಥವರು ಬಾಟ್ (ತಾನಾಗಿ ಬುಕ್ ಮಾಡುವ ಸಾಫ್ಟ್‌ವೇರ್) ಬಳಸಿ ಹಿಡಿದಿಟ್ಟಿದ್ದ ಸುಮಾರು 2000 ಅಪಾಯಿಂಟ್‌ಮೆಂಟ್‌ಗಳನ್ನು ಒಂದೇ ಏಟಿಗೆ ರದ್ದು ಮಾಡಿತು. ಫಾರಂ ತುಂಬಲು ಯಾರದಾದರೂ ಸಹಾಯ ಪಡೆದರೆ ತಪ್ಪಿಲ್ಲ, ಆದರೆ ಡಿಎಸ್-160ರಲ್ಲೇ ಯಾರು ಸಹಾಯ ಮಾಡಿದರು ಅಂತ ಕೇಳುತ್ತಾರೆ, ಅಲ್ಲಿ ಅವರ ಹೆಸರು ಬರೆಯಿರಿ. ಹೆಸರು ಹಾಕಬೇಡಿ ಅಂತ ಅವರೇ ಅಂದರೆ ಎದ್ದು ಬನ್ನಿ.